ವಾರ್ಡಿನಿಂದ ಲ್ಯಾಬಿಗೆ ಎಷ್ಟು ದೂರ?



ಈ ಉಪನ್ಯಾಸದ ದತ್ತಿಯ ಪತ್ರದಲ್ಲಿ ಎರಡೇ ಷರತ್ತುಗಳಿವೆ. ವಿಷಯ ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿರಬೇಕು, ಉಪನ್ಯಾಸ ಕನ್ನಡದಲ್ಲಿರಬೇಕು. ನಾನು ಒಪ್ಪಿಕೊಂಡದ್ದು ಎರಡನೆಯ ಷರತ್ತಿನ ಆಸೆಗೆ. ನಲವತ್ತು ವರ್ಷ ಮಕ್ಕಳ ವಾರ್ಡಿನಲ್ಲಿ ತಾಯಂದಿರೊಡನೆ ಕನ್ನಡದಲ್ಲೇ ಮಾತಾಡಿದ್ದೇನೆ. ಆದರೆ ಆ ಮಕ್ಕಳನ್ನು ನೋಡುವ ವೈದ್ಯರನ್ನು ಹೇಗೆ ತಯಾರು ಮಾಡಬೇಕು ಎಂಬ ಮಾತು ಬಂದಾಗಲೆಲ್ಲ ಸಭೆ ಇಂಗ್ಲಿಷಿಗೆ ಜಾರುತ್ತಿತ್ತು. ಆ ಸಭೆಗಳಲ್ಲಿ ತಾಯಂದಿರು ಇರುತ್ತಿರಲಿಲ್ಲ. ಇವತ್ತು ಇಲ್ಲಿ ಅನೇಕರಿದ್ದಾರೆ. ಅವರಿಗೆ ಅರ್ಥವಾಗುವ ಹಾಗೆ ಹೇಳಲು ಆದರೆ ನನ್ನ ಕೆಲಸ ಆಯಿತು.

ನಾನು ಎಂ.ಡಿ. ಓದುತ್ತಿದ್ದ ಕಾಲದ ಒಂದು ಶನಿವಾರ ರಾತ್ರಿಯಿಂದ ಶುರು ಮಾಡುತ್ತೇನೆ. ಅದು 1980ರ ದಶಕ. ಕೋಲಾರದ ಕಡೆಯ ಒಂದು ಹಳ್ಳಿಯಿಂದ ಆರು ವರ್ಷದ ಹುಡುಗಿಯನ್ನು ತಂದರು. ಮೂರು ದಿನದ ಜ್ವರ, ಆ ಮಧ್ಯಾಹ್ನದಿಂದ ಫಿಟ್ಸ್, ಬರುವಾಗಲೇ ಪ್ರಜ್ಞೆ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತು. ಅಂಥ ಮಕ್ಕಳು ಆ ವಾರ ಅದಾಗಲೇ ಇಬ್ಬರು ಬಂದಿದ್ದರು. ಬೆನ್ನಿನ ನೀರು ತೆಗೆದೆ. ನೀರು ತಿಳಿಯಾಗಿತ್ತು. ಮಿದುಳು ಜ್ವರ, ಬಹುಶಃ ವೈರಸ್ಸಿನದು ಎಂದು ಕೇಸ್ ಶೀಟಿನಲ್ಲಿ ಬರೆದೆ. ಯಾವ ವೈರಸ್ ಎಂದು ತಿಳಿಯಬೇಕಾದರೆ ಸ್ಯಾಂಪಲ್ ಬೇರೆ ಊರಿನ ಲ್ಯಾಬಿಗೆ ಹೋಗಬೇಕಿತ್ತು. ಟ್ಯೂಬಿಗೆ ಹತ್ತಿ ತುರುಕಿ, ಮೇಲೆ ಪ್ಲಾಸ್ಟರ್ ಅಂಟಿಸಿ, ಹೆಸರು ಬರೆದು, ಸೈಡ್ ರೂಮಿನ ಫ್ರಿಜ್ಜಿನಲ್ಲಿ ಇಟ್ಟೆ. ಭಾನುವಾರ ರಜೆ. ಸೋಮವಾರ ಯಾವುದೋ ಹಬ್ಬದ ರಜೆ. ನಡುವೆ ಕರೆಂಟು ಎಷ್ಟು ಹೊತ್ತು ಹೋಗಿತ್ತೋ ಯಾರೂ ಬರೆದಿಡಲಿಲ್ಲ. ಮಂಗಳವಾರ ಮಧ್ಯಾಹ್ನ ಅಟೆಂಡರ್ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಹುಡುಗಿ ಸೋಮವಾರ ಬೆಳಗಿನ ಜಾವವೇ ಹೋಗಿದ್ದಳು. ಮೂರು ವಾರದ ನಂತರ ಮರಣ ಪತ್ರಕ್ಕೆಂದು ಬಂದ ಅವಳ ತಂದೆ, ಕಾಗದ ಮಡಿಚಿ ಜೇಬಿಗಿಟ್ಟುಕೊಂಡ ಮೇಲೂ ನಿಂತೇ ಇದ್ದರು. "ಏನ್ ಕಾಯ್ಲೆ ಅಂತಾನಾದ್ರೂ ಹೇಳಿ ಸ್ವಾಮಿ. ಮನೇಲಿ ಇನ್ನೂ ಎರಡು ಮಕ್ಕಳವೆ" ಎಂದರು. ಲ್ಯಾಬಿನ ಉತ್ತರ ಆ ವಾರವೇ ಬಂದಿತ್ತು. ಒಂದೇ ಸಾಲು: ಸ್ಯಾಂಪಲ್ ಪರೀಕ್ಷೆಗೆ ಯೋಗ್ಯವಾಗಿಲ್ಲ.

ತಪ್ಪು ನನ್ನದು. ಅಟೆಂಡರದ್ದಲ್ಲ, ರಜೆಯದ್ದೂ ಅಲ್ಲ. ವೈರಸ್ಸುಗಳ ಬಗ್ಗೆ ನಾನು ನೂರಾರು ಪುಟ ಓದಿದ್ದೆ. ಒಂದು ಟ್ಯೂಬನ್ನು ಐಸಿನಲ್ಲಿಟ್ಟು ಎಷ್ಟು ಹೊತ್ತಿನೊಳಗೆ ಎಲ್ಲಿಗೆ ಮುಟ್ಟಿಸಬೇಕು ಎಂಬುದು ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಅದನ್ನು ಯಾರು ತೆರೆಯುತ್ತಾರೆ, ಏನು ಮಾಡುತ್ತಾರೆ, ಯಾವ ದಿನದ ಸ್ಯಾಂಪಲ್ಲಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಅದನ್ನೂ ನೋಡಿರಲಿಲ್ಲ. ನನ್ನ ಗುರುಗಳೂ ನೋಡಿದವರಲ್ಲ. ಮಕ್ಕಳ ವೈರಸ್ ಸೋಂಕಿನ ವೈದ್ಯರ ತರಬೇತಿಯ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಟ್ಯೂಬಿನ ಸುತ್ತಲೇ ಇದೆ. ತನ್ನ ಕೈಯಿಂದ ತೆಗೆದ ಸ್ಯಾಂಪಲ್ಲಿನ ಜೊತೆ ಲ್ಯಾಬಿನವರೆಗೆ ಹೋಗಿ, ಉತ್ತರ ಹಿಡಿದುಕೊಂಡು ತಾಯಿಯ ಹತ್ತಿರಕ್ಕೆ ಮರಳಿ ಬರುವುದನ್ನು ಕಲಿಸದ ತರಬೇತಿ, ಎಷ್ಟೇ ವರ್ಷದ್ದಾಗಲಿ, ಅರ್ಧ ತರಬೇತಿ.

ಇವತ್ತು ಇರುವ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಇಲ್ಲಿರುವ ತಂದೆತಾಯಂದಿರಿಗೆ ಇದು ಗೊತ್ತಿರಲಿಕ್ಕಿಲ್ಲ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಆಮೇಲೆ ಪ್ರವೇಶ ಪರೀಕ್ಷೆ ಬರೆದು ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಮೂರು ವರ್ಷ, ಡಿಪ್ಲೊಮಾ ಆದರೆ ಎರಡು. ಇಲ್ಲಿಗೆ ಮಕ್ಕಳ ಡಾಕ್ಟರು ಆದಂತೆ. ಅಲ್ಲಿಂದ ಮುಂದಕ್ಕೆ ಸೋಂಕು ರೋಗಗಳ ಡಿ.ಎಂ. ಇದೆ, ಇನ್ನೂ ಮೂರು ವರ್ಷ. ಮಕ್ಕಳ ಎಂ.ಡಿ. ಮಾಡಿದವರೂ ಅದಕ್ಕೆ ಸೇರಬಹುದು. ಆದರೆ ಸೇರಿದ ಮೇಲೆ ಹೆಚ್ಚಿನ ಹೊತ್ತು ಕಳೆಯುವುದು ದೊಡ್ಡವರ ವಾರ್ಡಿನಲ್ಲಿ. ಇಲ್ಲವಾದರೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯಂಥ ಸಂಘದ ಫೆಲೋಶಿಪ್ ಉಂಟು. ಲ್ಯಾಬಿನ ಕಡೆಗೆ ಒಲವಿದ್ದವರು ಮೈಕ್ರೋಬಯಾಲಜಿ ಎಂ.ಡಿ., ಪಿಎಚ್.ಡಿ. ದಾರಿ ಹಿಡಿಯುತ್ತಾರೆ, ಅವರಿಗೆ ವಾರ್ಡು ದೂರವಾಗುತ್ತದೆ. ಅಮೆರಿಕದಲ್ಲಿ ಮೂರು ವರ್ಷದ ಮಕ್ಕಳ ರೆಸಿಡೆನ್ಸಿಯ ಮೇಲೆ ಮಕ್ಕಳ ಸೋಂಕು ರೋಗಕ್ಕೆಂದೇ ಇನ್ನೂ ಮೂರು ವರ್ಷ, ಅದರಲ್ಲಿ ದೊಡ್ಡ ಪಾಲು ಸಂಶೋಧನೆಗೆ ಮೀಸಲು. ಬ್ರಿಟನ್ನಿನಲ್ಲಿ ಮಕ್ಕಳ ವೈದ್ಯರ ರಾಯಲ್ ಕಾಲೇಜಿನ ಅಡಿಯಲ್ಲಿ ರೋಗನಿರೋಧ ಶಾಸ್ತ್ರವನ್ನೂ ಸೋಂಕು ರೋಗವನ್ನೂ ಕೂಡಿಸಿ ಒಂದೇ ಉಪಶಾಖೆ ಮಾಡಿದ್ದಾರೆ. ಈ ಜೋಡಣೆ ನನಗೆ ಸರಿ ಎನ್ನಿಸುತ್ತದೆ. ಮಗುವಿಗೆ ಮತ್ತೆ ಮತ್ತೆ ಸೋಂಕು ತಗಲಿದರೆ ತಪ್ಪು ವೈರಸ್ಸಿನದೋ ಮಗುವಿನ ಮೈಯ ಕಾವಲಿನದೋ ಎಂದು ಒಬ್ಬರೇ ನೋಡಬೇಕಲ್ಲವೆ?

ವರ್ಷಗಳ ಲೆಕ್ಕ ಕೂಡಿದರೆ ಹನ್ನೊಂದೂವರೆ. ಪ್ರವೇಶ ಪರೀಕ್ಷೆಗೆ ಕಾದದ್ದು, ಕಡ್ಡಾಯ ಸೇವೆ ಬೇರೆ. ಇಷ್ಟಾದ ಮೇಲೂ ಸೀಟುಗಳು ತುಂಬುವುದಿಲ್ಲ. ಅಮೆರಿಕದಲ್ಲೂ ಈ ಶಾಖೆಯ ಎಷ್ಟೋ ಸೀಟುಗಳು ವರ್ಷವರ್ಷ ಖಾಲಿ ಉಳಿಯುತ್ತಿವೆ. ಕಾರಣ ಗುಟ್ಟಿನದಲ್ಲ. ಆಸ್ಪತ್ರೆಗಳು ಹಣ ಕೊಡುವುದು ಕೈಯಿಂದ ಮಾಡುವ ಕೆಲಸಕ್ಕೆ: ಕೊಳವೆ ಇಳಿಸಿದ್ದಕ್ಕೆ, ಸ್ಟೆಂಟ್ ಹಾಕಿದ್ದಕ್ಕೆ. ಸೋಂಕಿನ ವೈದ್ಯರು ಮಾಡುವುದು ಹಾಸಿಗೆಯ ಪಕ್ಕ ಕುಳಿತು ಯೋಚಿಸುವ ಕೆಲಸ, ಎಷ್ಟೋ ಸಲ ಬೇರೆಯವರು ಬರೆದ ಔಷಧಿಯನ್ನು ನಿಲ್ಲಿಸುವ ಕೆಲಸ. ಅದಕ್ಕೆ ಬಿಲ್ಲಿನಲ್ಲಿ ಕಾಲಂ ಇಲ್ಲ.

ವಾರ್ಡು ಮತ್ತು ಲ್ಯಾಬು ಒಂದೇ ಸೂರಿನಡಿ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಕಥೆ ಸಾಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಾನ್ ಎಂಡರ್ಸ್ ಆ ಆಸ್ಪತ್ರೆಯೊಳಗೇ ಸೋಂಕು ರೋಗಗಳ ಪ್ರಯೋಗಾಲಯ ಕಟ್ಟಿದರು. ಅವರ ಜೊತೆ ಕೆಲಸ ಮಾಡಿದ ಥಾಮಸ್ ವೆಲ್ಲರ್, ಫ್ರೆಡರಿಕ್ ರಾಬಿನ್ಸ್ ಇಬ್ಬರೂ ಅದೇ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಾಗಿ ತರಬೇತಿ ಪಡೆದವರು. ವೆಲ್ಲರ್ ಆಗ ಸೀತಾಳೆ ಸಿಡುಬಿನ ವೈರಸ್ಸನ್ನು ಬೆಳೆಸಲು ಹೆಣಗುತ್ತಿದ್ದರು. ಆ ಪ್ರಯೋಗದಲ್ಲಿ ಕೆಲವು ಟ್ಯೂಬುಗಳು ಮಿಕ್ಕವು, ಫ್ರೀಜರಿನಲ್ಲಿ ಪೋಲಿಯೊ ವೈರಸ್ ಇತ್ತು, ಹಾಕಿ ನೋಡಿದರು. ನರಗಳ ಅಂಗಾಂಶದಲ್ಲಿ ಮಾತ್ರ ಬೆಳೆಯುತ್ತದೆ ಎಂದು ಎಲ್ಲರೂ ನಂಬಿದ್ದ ವೈರಸ್ ಬೇರೆ ಅಂಗಾಂಶದಲ್ಲೂ ಬೆಳೆಯಿತು. ಅದು ಪ್ರಕಟವಾದದ್ದು 1949ರಲ್ಲಿ. ಪೋಲಿಯೊ ಲಸಿಕೆಗೆ ಬಾಗಿಲು ತೆರೆದದ್ದು ಅಲ್ಲಿಂದಲೇ. 1954ರಲ್ಲಿ ಮೂವರಿಗೂ ನೊಬೆಲ್ ಬಂತು.

ಅದೇ 1954ರಲ್ಲಿ ಎಂಡರ್ಸ್ ತಮ್ಮ ಲ್ಯಾಬಿಗೆ ಬಂದ ಥಾಮಸ್ ಪೀಬಲ್ಸ್ ಎಂಬ ಯುವ ವೈದ್ಯನಿಗೆ ದಡಾರದ ವೈರಸ್ ಹಿಡಿಯುವ ಕೆಲಸ ಒಪ್ಪಿಸಿದರು. ಬಾಸ್ಟನ್ ಹೊರಗಿನ ಒಂದು ವಸತಿಶಾಲೆಯಲ್ಲಿ ದಡಾರ ಎದ್ದಿದೆ ಎಂದು ತಿಳಿದಾಗ ಪೀಬಲ್ಸ್ ತಾನೇ ಹೊರಟ. ಮಕ್ಕಳ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಗಂಟಲು ತೊಳೆದ ನೀರು, ರಕ್ತ ತೆಗೆದು, ತಾನೇ ಲ್ಯಾಬಿಗೆ ತಂದು, ತಾನೇ ಟ್ಯೂಬಿಗೆ ಹಾಕಿದ. ಡೇವಿಡ್ ಎಡ್ಮನ್‌ಸ್ಟನ್ ಎಂಬ ಹುಡುಗನ ಸ್ಯಾಂಪಲ್ಲಿನಲ್ಲಿ ವೈರಸ್ ಬೆಳೆಯಿತು. ನಮ್ಮ ಅಂಗನವಾಡಿಗಳಲ್ಲಿ ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ಕೊಡುವ ದಡಾರ-ರುಬೆಲ್ಲಾ ಚುಚ್ಚುಮದ್ದಿನ ದಡಾರದ ಭಾಗ ಎಡ್ಮನ್‌ಸ್ಟನ್-ಝಾಗ್ರೆಬ್ ತಳಿಯದು. ಆ ತಳಿ ಹುಡುಗನ ಹೆಸರನ್ನು ಇವತ್ತಿಗೂ ಹೊತ್ತಿದೆ. ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳುವಾಗಲೆಲ್ಲ ನಾನು ಒತ್ತಿ ಹೇಳುವುದು 'ತಾನೇ' ಎಂಬ ಪದವನ್ನು.

ಅಷ್ಟು ದೂರ ಯಾಕೆ, ವೇಲೂರಿಗೆ ಬನ್ನಿ. ಮಕ್ಕಳ ವೈದ್ಯರಾಗಿ ತರಬೇತಿ ಪಡೆದ ಟಿ. ಜೇಕಬ್ ಜಾನ್ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈರಾಣು ವಿಭಾಗ ಕಟ್ಟಿ ಬೆಳೆಸಿದರು. ಮೂರು ಸಲ ಪೋಲಿಯೊ ಹನಿ ಕುಡಿದ ಮಕ್ಕಳಿಗೂ ಪೋಲಿಯೊ ಬರುತ್ತಿದೆಯಲ್ಲ ಎಂಬ ವಾರ್ಡಿನ ಪ್ರಶ್ನೆಯನ್ನು ಅವರು ಲ್ಯಾಬಿಗೆ ಒಯ್ದರು. ಪಶ್ಚಿಮದ ಮಕ್ಕಳಲ್ಲಿ ಕೆಲಸ ಮಾಡಿದ ಮೂರು ಸಲದ ಹನಿ ನಮ್ಮ ಮಕ್ಕಳಿಗೆ ಸಾಲದು ಎಂಬುದನ್ನು ತೋರಿಸಿದರು. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಮತ್ತೆ ಮತ್ತೆ ಹನಿ ಹಾಕಿಸಿಕೊಂಡ ನಿಮಗೆ, ಎಷ್ಟು ಸಲ ಎಂದು ಬೇಸರಿಸಿದ ನಿಮಗೆ, ಅದರ ಹಿಂದಿನ ಒಂದು ಕಾರಣ ಇದು.

1986ರಲ್ಲಿ ಅದೇ ಲ್ಯಾಬಿಗೆ ಒಬ್ಬ ಪೀಜಿ (ಸ್ನಾತಕೋತ್ತರ) ವಿದ್ಯಾರ್ಥಿನಿ ಐಸ್ ಪೆಟ್ಟಿಗೆ ಹಿಡಿದು ಬಂದರು. ಮದ್ರಾಸ್ ಮೆಡಿಕಲ್ ಕಾಲೇಜಿನ ಸೆಲ್ಲಪ್ಪನ್ ನಿರ್ಮಲಾ. ಗುರು ಸುನೀತಿ ಸಾಲೊಮನ್ ನಿರ್ಮಲಾ ಅವರಿಗೆ ಕೊಟ್ಟಿದ್ದ ಥೀಸಿಸ್ ವಿಷಯ, ನಮ್ಮಲ್ಲಿ ಎಚ್.ಐ.ವಿ. ಇದೆಯೇ ಎಂದು ಹುಡುಕುವುದು. ಇಲ್ಲ ಎಂದೇ ಎಲ್ಲರ ನಂಬಿಕೆ. ನಿರ್ಮಲಾ ರಕ್ತದ ಸ್ಯಾಂಪಲ್ ಸಂಗ್ರಹಿಸಿ, ಸೀರಂ ಬೇರ್ಪಡಿಸಿ, ಸ್ವಂತ ಮನೆಯ ಫ್ರಿಜ್ಜಿನಲ್ಲಿ ಕಾಪಾಡಿದರು. ಮದ್ರಾಸಿನಲ್ಲಿ ಪರೀಕ್ಷೆಯ ಸೌಲಭ್ಯ ಇರಲಿಲ್ಲ. ರಾತ್ರಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು ವೇಲೂರು ಸೇರಿದರು. ಪರೀಕ್ಷೆಯ ತಟ್ಟೆಯಲ್ಲಿ ಆರು ಕುಳಿಗಳು ಹಳದಿಗೆ ತಿರುಗಿದವು. ದೇಶದಲ್ಲಿ ಎಚ್.ಐ.ವಿ. ಇದೆ ಎಂದು ಗೊತ್ತಾದದ್ದು ಹಾಗೆ. ಆ ರಕ್ತ ಮಕ್ಕಳದ್ದಲ್ಲ, ನಿಜ. ಆದರೆ ಆ ಪರೀಕ್ಷೆಯಿಲ್ಲದೆ, ತಾಯಿಯಿಂದ ಮಗುವಿಗೆ ಅದು ದಾಟದಂತೆ ತಡೆಯುವ ಮಾತು ನಮ್ಮಲ್ಲಿ ಶುರುವಾಗುವುದಕ್ಕೇ ಇನ್ನೆಷ್ಟು ತಡವಾಗುತ್ತಿತ್ತೋ. ನಾನು ಟ್ಯೂಬನ್ನು ಅಟೆಂಡರ ಕೈಗಿತ್ತ ದಶಕದಲ್ಲೇ, ನನ್ನಂಥವರೇ ಆದ ಒಬ್ಬ ವಿದ್ಯಾರ್ಥಿನಿ ತನ್ನ ಸ್ಯಾಂಪಲ್ಲುಗಳ ಪಕ್ಕ ರೈಲಿನಲ್ಲಿ ಕುಳಿತಿದ್ದರು.

ಇನ್ನೊಂದು ಪಾಠವೂ ಜೇಕಬ್ ಜಾನ್ ಅವರ ಕೆಲಸದಲ್ಲೇ ಇದೆ. ವೈರಸ್ಸಿನ ವೈದ್ಯನಿಗೆ ಇದನ್ನು ಮೊದಲು ಕಲಿಸಬೇಕು ಎನ್ನುತ್ತೇನೆ: ಯಾವುದು ವೈರಸ್ಸಲ್ಲ ಎಂದು ಗುರುತಿಸುವುದು. ಉತ್ತರ ಪ್ರದೇಶದ ಸಹಾರನ್‌ಪುರದ ಕಡೆ ವರ್ಷವರ್ಷ ಮಕ್ಕಳು ಮಿದುಳು ಜ್ವರದಂಥ ಕಾಯಿಲೆಯಲ್ಲಿ ಸಾಯುತ್ತಿದ್ದರು. ಯಾವ ವೈರಸ್ ಎಂದು ಹುಡುಕುತ್ತಲೇ ಇದ್ದರು. 2000ರ ದಶಕದಲ್ಲಿ ಜೇಕಬ್ ಜಾನ್ ಅವರೂ ಅಲ್ಲಿನ ಮಕ್ಕಳ ವೈದ್ಯರೂ ಸೇರಿ ನೋಡಿದಾಗ ಮಕ್ಕಳು ಆಡುತ್ತ ಆಡುತ್ತ ತಗಚೆ ಜಾತಿಯ ಒಂದು ಗಿಡದ ಬೀಜ ತಿಂದಿದ್ದರು. ಅದರ ವಿಷ ಪಿತ್ತಜನಕಾಂಗ, ಸ್ನಾಯು, ಮಿದುಳು ಮೂರನ್ನೂ ಹೊಡೆದಿತ್ತು. ಬಿಹಾರದ ಮುಜಫರ್‌ಪುರದಲ್ಲಿ ಲಿಚಿ ಹಣ್ಣಿನ ಕಾಲದಲ್ಲಿ ಬೆಳಗಿನ ಜಾವ ಮಕ್ಕಳಿಗೆ ಫಿಟ್ಸ್ ಬಂದು ಸಾಯುವುದನ್ನೂ ಎಷ್ಟೋ ವರ್ಷ ವೈರಸ್ಸಿನ ತಲೆಗೆ ಕಟ್ಟಿದ್ದರು. 2014ರ ತನಿಖೆಯ ಫಲ 2017ರಲ್ಲಿ ಪ್ರಕಟವಾಯಿತು: ತೋಟದಲ್ಲಿ ಲಿಚಿ ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಮಕ್ಕಳಲ್ಲಿ ಹಣ್ಣಿನ ಒಂದು ಅಂಶ ದೇಹ ಸಕ್ಕರೆ ತಯಾರಿಸದಂತೆ ತಡೆಯುತ್ತಿತ್ತು. ಬೇಕಾದದ್ದು ಬಂದ ಕೂಡಲೆ ಗ್ಲೂಕೋಸ್, ಮತ್ತು ಮನೆಯಲ್ಲಿ ಒಂದು ಹೊತ್ತಿನ ರಾತ್ರಿಯೂಟ. ಗೋರಖ್‌ಪುರದ ಮಿದುಳು ಜ್ವರದ ಮಕ್ಕಳಲ್ಲಿ ದೊಡ್ಡ ಪಾಲಿಗೆ ಕಾರಣ ಸ್ಕ್ರಬ್ ಟೈಫಸ್ ಎಂದು ಕಂಡಿತು. ಅದು ಬ್ಯಾಕ್ಟೀರಿಯಾ. ಅಗ್ಗದ ಮಾತ್ರೆಗೆ ಬಗ್ಗುವ ಕಾಯಿಲೆ.

ಮಗು ರಾತ್ರಿ ಏನು ತಿಂದಿತ್ತು ಎಂದು ತಾಯಿಯನ್ನು ಕೇಳದ ವೈದ್ಯರಿಗೆ ಎಷ್ಟು ಒಳ್ಳೆಯ ಪಿ.ಸಿ.ಆರ್. ಯಂತ್ರ ಕೊಟ್ಟರೂ ಮುಜಫರ್‌ಪುರ ಅರ್ಥವಾಗುತ್ತಿರಲಿಲ್ಲ. ಕೇಳುವುದಕ್ಕೆ ಭಾಷೆ ಬೇಕು. ನಮ್ಮಲ್ಲಿ ಮೈಮೇಲೆ ಗುಳ್ಳೆ ಎದ್ದರೆ 'ಅಮ್ಮ' ಆಗಿದೆ ಎನ್ನುತ್ತಾರೆ. ಒಂದು ಕಡೆ ದಡಾರ ಎಂದದ್ದು ಇನ್ನೊಂದು ಕಡೆ ಗೊಬ್ಬರ. ಮಂಗನಬಾವು ಕೆನ್ನೆಯ ಗ್ರಂಥಿಯ ಊತ. ಮಂಗನ ಕಾಯಿಲೆ ಮಲೆನಾಡಿನ ಉಣ್ಣೆಯಿಂದ ಬರುವ ಕ್ಯಾಸನೂರು ಕಾಡಿನ ಜ್ವರ. ಎರಡಕ್ಕೂ ಏನೇನೂ ನಂಟಿಲ್ಲ. ಹೊರರಾಜ್ಯದಿಂದ ಬಂದ ಪೀಜಿ ಇವೆರಡನ್ನು ಅದಲುಬದಲು ಬರೆದುಕೊಂಡದ್ದನ್ನು ಕೇಸ್ ಶೀಟಿನಲ್ಲಿ ನೋಡಿದ್ದೇನೆ. ಅವಳ ತಪ್ಪಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ತರಬೇತಿಯ ಮೊದಲ ವಾರವೇ ಈ ಹೆಸರುಗಳ ಒಂದು ಪಟ್ಟಿಯನ್ನು ನಮ್ಮ ಸಿಸ್ಟರುಗಳ ಬಾಯಿಂದ ಕೇಳಿ ಬರೆದುಕೊಳ್ಳುವಂತೆ ಆಮೇಲೆ ನಾನು ರೂಢಿ ಮಾಡಿದೆ.

ವಾರ್ಡಿನಲ್ಲೇ ನಿಂತು ಕಲಿಯಬೇಕಾದದ್ದಕ್ಕೆ ಡೆಂಗಿಯಷ್ಟು ಒಳ್ಳೆಯ ಗುರು ಬೇರೆ ಇಲ್ಲ. 1958ರಲ್ಲಿ ಬ್ಯಾಂಕಾಕಿನಲ್ಲಿ ಡೆಂಗಿಯ ರಕ್ತಸ್ರಾವದ ರೂಪ ದೊಡ್ಡದಾಗಿ ಕಾಣಿಸಿಕೊಂಡಿತು. ಅಲ್ಲಿನ ಮಕ್ಕಳ ಆಸ್ಪತ್ರೆಯ ವೈದ್ಯೆ ಸುಚಿತ್ರಾ ನಿಮ್ಮಾನಿತ್ಯ ವರ್ಷಗಟ್ಟಲೆ ಮಕ್ಕಳ ಪಕ್ಕದಲ್ಲಿ ನಿಂತು, ಗಂಟೆಗಂಟೆಗೆ ನಾಡಿ, ರಕ್ತದ ಒತ್ತಡ, ರಕ್ತದ ಗಟ್ಟಿತನ ಬರೆದುಕೊಂಡು, ಯಾವ ಹೊತ್ತಿಗೆ ಎಷ್ಟು ದ್ರವ ಕೊಡಬೇಕೆಂಬ ಕ್ರಮವನ್ನು ಕಂಡುಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗೆ ಆ ವಾರ್ಡಿನ ಅನುಭವವೇ ತಳಹದಿಯಾಯಿತು. ಡೆಂಗಿಗೆ ವೈರಸ್ಸನ್ನು ಕೊಲ್ಲುವ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಉಪ್ಪುನೀರು, ಗಡಿಯಾರ ಮತ್ತು ಎಚ್ಚರದ ಕಣ್ಣು, ಅಷ್ಟರಿಂದಲೇ ಮಕ್ಕಳನ್ನು ಉಳಿಸಿದರು.

ಇಲ್ಲಿರುವ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಡೆಂಗಿಯಲ್ಲಿ ಅಪಾಯ ಬರುವುದು ಜ್ವರ ಇಳಿದಾಗ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ. ಮೈ ತಣ್ಣಗಾಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ. ಮಗು ಸಪ್ಪಗಾಗುತ್ತದೆ, ಹೊಟ್ಟೆ ನೋವು ಎನ್ನುತ್ತದೆ, ಮತ್ತೆ ಮತ್ತೆ ವಾಂತಿ, ಅಂಗೈ ತಂಪು. ಮೇಲಿನ ಒತ್ತಡಕ್ಕೂ ಕೆಳಗಿನದಕ್ಕೂ ಅಂತರ ಇಪ್ಪತ್ತಕ್ಕೆ ಇಳಿದರೆ ಶಾಕ್ ಶುರುವಾಗಿದೆ ಎಂದೇ ಅರ್ಥ. ಒಂದೆರಡು ದಿನದಲ್ಲಿ ಸೋರಿದ ನೀರು ತಾನಾಗಿ ಮರಳಿ ರಕ್ತಕ್ಕೆ ಬರುತ್ತದೆ. ಆಗಲೂ ಡ್ರಿಪ್ ಓಡಿಸುತ್ತಲೇ ಇದ್ದರೆ ಮಗುವಿನ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಯಾವಾಗ ಶುರು, ಯಾವಾಗ ಸಾಕು, ಇದನ್ನು ಪುಸ್ತಕದಿಂದ ಕಲಿತವರನ್ನು ನಾನು ಕಂಡಿಲ್ಲ. ರಾತ್ರಿ ಎರಡು ಗಂಟೆಗೆ ಅನುಭವಸ್ಥರೊಬ್ಬರು ಪಕ್ಕದಲ್ಲಿ ನಿಂತು, "ಈಗ ಅಂಗೈ ಮುಟ್ಟಿ ನೋಡು, ಈಗ ಡ್ರಿಪ್ ಇಳಿಸು" ಎಂದು ಹೇಳಿಕೊಡಬೇಕು. ಹೊರಗೆ ಕಾರಿಡಾರಿನಲ್ಲಿ ಪ್ಲೇಟ್‌ಲೆಟ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಎಂದು ಬಂಧುಗಳು ಕೇಳುತ್ತಿರುತ್ತಾರೆ. ಅವರನ್ನು ಕೂರಿಸಿ, ಮಗು ಎಷ್ಟು ಸಲ ಮೂತ್ರ ಮಾಡಿದೆ ಎಂದು ನೋಡಿಕೊಳ್ಳಿ, ಅದು ಹೆಚ್ಚು ಮುಖ್ಯ ಎಂದು ಹೇಳುವುದೂ ತರಬೇತಿಯೇ.

ಏನೂ ಕೊಡದಿರುವುದನ್ನು ಕಲಿಸುವುದು ಇನ್ನೂ ಕಷ್ಟ. ಚಳಿಗಾಲದಲ್ಲಿ ಆರ್.ಎಸ್.ವಿ. ಎಂಬ ವೈರಸ್ಸಿನಿಂದ ಪುಟ್ಟ ಶಿಶುಗಳಿಗೆ ಉಬ್ಬಸದಂಥ ಕೆಮ್ಮು ಬರುತ್ತದೆ. ಹೆಚ್ಚಿನ ಶಿಶುಗಳಿಗೆ ಬೇಕಾದದ್ದು ಮೂಗು ಸ್ವಚ್ಛ ಮಾಡುವುದು, ಹಾಲು, ಬೇಕೆನಿಸಿದರೆ ಆಮ್ಲಜನಕ. ಆಂಟಿಬಯಾಟಿಕ್ ಅಲ್ಲಿ ಕೆಲಸ ಮಾಡುವುದಿಲ್ಲ. ಚೀಟಿಯಲ್ಲಿ ಔಷಧಿ ಬರೆಯದೆ ತಾಯಿಗೆ ಧೈರ್ಯ ಹೇಳಿ ಕಳಿಸಲು ಹತ್ತು ನಿಮಿಷ ಬೇಕು. ಆಂಟಿಬಯಾಟಿಕ್ ಬರೆಯಲು ಒಂದು ನಿಮಿಷ ಸಾಕು. ನಮ್ಮ ಹೊರರೋಗಿ ವಿಭಾಗದ ಸಾಲು ನೋಡಿದವರಿಗೆ ಪೀಜಿ ಯಾವುದನ್ನು ಆರಿಸುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ. ಆ ಹತ್ತು ನಿಮಿಷವನ್ನು ನಾವು ಅವನಿಗೆ ಕೊಟ್ಟಿಲ್ಲ.

ನಮ್ಮ ನಾಡಿನಲ್ಲಿ ಇದನ್ನೆಲ್ಲ ಕಲಿಸಲು ಏನಿಲ್ಲ? ಎಲ್ಲ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು. ನಿಮ್ಹಾನ್ಸ್‌ನಲ್ಲಿ ನರಮಂಡಲದ ವೈರಸ್ಸುಗಳಿಗೆಂದೇ ಒಂದು ವಿಭಾಗವಿದೆ. ದಡಾರ ಬಂದುಹೋಗಿ ಆರೆಂಟು ವರ್ಷ ಕಳೆದ ಮೇಲೆ ಶಾಲೆಯಲ್ಲಿ ಹಿಂದೆ ಬೀಳುವ, ಕೈಯಿಂದ ಚಮಚ ಜಾರಿಸುವ, ಮೈ ಬೆಚ್ಚಿಬೆಚ್ಚಿ ಬೀಳುವ ಮಕ್ಕಳು ಅಲ್ಲಿಗೆ ಬರುತ್ತಾರೆ. ಮಿದುಳಿನಲ್ಲಿ ಅಡಗಿ ಕುಳಿತ ದಡಾರದ ವೈರಸ್ಸಿನ ಕೆಲಸ ಅದು. ಗುಣವಾಗುವುದಿಲ್ಲ. ಅಂಥ ಒಬ್ಬ ಹುಡುಗನ ತಾಯಿಯ ಜೊತೆ ಅರ್ಧ ಗಂಟೆ ಕುಳಿತ ಪೀಜಿ, 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ, ವಾಟ್ಸಾಪಿನ ಗಾಳಿಮಾತಿಗೆ ಹೆದರಿದ ಪೋಷಕರೆದುರು ಶಾಲೆಯ ಅಂಗಳದಲ್ಲಿ ನಿಂತು ಮಾತಾಡಿದ ರೀತಿಯೇ ಬೇರೆ ಇತ್ತು. ನಾನು ಪಕ್ಕದಲ್ಲೇ ಇದ್ದೆ. ಅವಳು ಅಂಕಿ ಹೇಳಲಿಲ್ಲ, ಆ ಹುಡುಗನ ಕೈಬರಹ ಹೇಗೆ ಕೆಟ್ಟಿತೆಂದು ಹೇಳಿದಳು.

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ಆಸ್ಪತ್ರೆಯೊಂದರ ವೈದ್ಯರು, ಒಂದೇ ಮನೆಯ ಒಬ್ಬ ಅದಾಗಲೇ ತೀರಿಕೊಂಡು ಮತ್ತೊಬ್ಬ ಅದೇ ರೀತಿ ಮಲಗಿದ್ದನ್ನು ಗಮನಿಸಿ ಸುಮ್ಮನಾಗಲಿಲ್ಲ. ಅವರ ಸ್ಯಾಂಪಲ್ ನಮ್ಮ ಮಣಿಪಾಲದ ವೈರಾಣು ಕೇಂದ್ರಕ್ಕೆ ಬಂತು. ನಿಪಾ ಎಂದು ಗೊತ್ತಾದದ್ದು ಅಲ್ಲಿ, ಆಮೇಲೆ ಪುಣೆಯ ವೈರಾಣು ಸಂಸ್ಥೆ ಖಚಿತಪಡಿಸಿತು. ವಾರ್ಡಿನವರಿಗೆ ಲ್ಯಾಬಿನವರ ಗುರುತು ಇತ್ತು. ಎಷ್ಟು ಜೀವ ಆ ಗುರುತಿನಿಂದ ಉಳಿಯಿತು ಎಂದು ಲೆಕ್ಕ ಹಾಕಲು ಬರುವುದಿಲ್ಲ.

ಈಗ ಕೋಲಾರಕ್ಕೆ ಮರಳುತ್ತೇನೆ. ನನ್ನ ಆ ಟ್ಯೂಬು ಹಾಳಾದ ದಶಕದ ಆರಂಭದಲ್ಲೇ, ಅದೇ ಜಿಲ್ಲೆಯ ಒಬ್ಬ ರೋಗಿಯಿಂದ ತೆಗೆದ ಮತ್ತೊಂದು ಸ್ಯಾಂಪಲ್ಲನ್ನು ಯಾರೋ ಜೋಪಾನವಾಗಿ ಮುಟ್ಟಬೇಕಾದಲ್ಲಿಗೆ ಮುಟ್ಟಿಸಿದರು. ಅದರಿಂದ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ ಬೆಳೆಯಿತು. ಪುಣೆಯ ಸಂಸ್ಥೆ ಅದನ್ನು ವರ್ಷಗಟ್ಟಲೆ ಕಾಪಾಡಿತು. ಆ ಕೋಲಾರದ ತಳಿಯಿಂದಲೇ ಹೈದರಾಬಾದಿನಲ್ಲಿ ಲಸಿಕೆ ತಯಾರಾಗಿ 2013ರಲ್ಲಿ ಜೆನ್‌ವ್ಯಾಕ್ ಎಂಬ ಹೆಸರಿನಲ್ಲಿ ಹೊರಬಂತು. ಮೊದಲ ಸಲ ಆ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಏನೂ ಕೆಲಸ ಮಾಡಲಾಗದೆ ಕುಳಿತಿದ್ದೆ. ಎರಡು ಸ್ಯಾಂಪಲ್, ಒಂದೇ ಜಿಲ್ಲೆ. ಆ ಇನ್ನೊಂದನ್ನು ಒಯ್ದ ಕೈ ಯಾರದೋ ನನಗೆ ತಿಳಿಯದು. ಆ ಕೈಗೆ ಯಾರೋ ಕಲಿಸಿದ್ದರು.

ಕಲಿಸಲು ಆಗುತ್ತದೆ ಎಂಬುದಕ್ಕೆ ಪೋಲಿಯೊಗಿಂತ ಬೇರೆ ಸಾಕ್ಷಿ ಬೇಡ. ಹದಿನೈದು ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದಂತೆ ಕೈಕಾಲು ಸೋತರೆ, ಹದಿನಾಲ್ಕು ದಿನದೊಳಗೆ, ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ ಎರಡು ಸಲ ಮಲದ ಸ್ಯಾಂಪಲ್, ತಂಪು ಪೆಟ್ಟಿಗೆಯಲ್ಲಿ, ಕಾಗದಪತ್ರ ಸಮೇತ. ಈ ಒಂದು ಕ್ರಮವನ್ನು ದೇಶದ ಮೂಲೆಮೂಲೆಯ ಇಂಟರ್ನ್‌ಗಳು, ಆರೋಗ್ಯ ಸಹಾಯಕಿಯರು ಬಾಯಿಪಾಠ ಮಾಡಿಕೊಂಡರು. ಹೌರಾದಲ್ಲಿ 2011ರ ಜನವರಿ 13ರಂದು ಕಂಡ ಪ್ರಕರಣವೇ ದೇಶದ ಕೊನೆಯ ಪೋಲಿಯೊ ಎಂದು ನಾವು ಧೈರ್ಯವಾಗಿ ಹೇಳಬಹುದಾದದ್ದು ಆ ಪೆಟ್ಟಿಗೆಗಳಿಂದ. 2014ರ ಮಾರ್ಚ್ 27ರಂದು ಪ್ರಮಾಣಪತ್ರ ಬಂತು. 1980ರ ದಶಕದ ಪೀಜಿಯಾದ ನನಗೆ ಗೊತ್ತಿಲ್ಲದಿದ್ದದ್ದು ಇವತ್ತಿನ ಒಬ್ಬ ಆರೋಗ್ಯ ಸಹಾಯಕಿಗೆ ಗೊತ್ತಿದೆ. ಒಂದು ವೈರಸ್ಸಿಗೆ ಆದದ್ದು ಉಳಿದವಕ್ಕೆ ಯಾಕಾಗಬಾರದು?

ಹೊಸ ಡಿಗ್ರಿಗೆ, ಹೊಸ ಕಟ್ಟಡಕ್ಕೆ ಕಾಯಬೇಕಿಲ್ಲ. ಈಗ ಪೀಜಿಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಕೆಲಸ ಕಡ್ಡಾಯವಾಗಿದೆ. ಅಲ್ಲಿ ಎಷ್ಟೋ ಮಂದಿ ಒ.ಪಿ.ಡಿ. ಚೀಟಿ ಬರೆಯುತ್ತ ದಿನ ದೂಡುತ್ತಾರೆ. ಅದರಲ್ಲಿ ಎರಡು ವಾರ ವೈರಾಣು ಲ್ಯಾಬಿಗೆ ಕೊಡಿ. ವಾರಕ್ಕೊಂದು ರೌಂಡ್ಸಿಗೆ ಮೈಕ್ರೋಬಯಾಲಜಿಯವರನ್ನು ವಾರ್ಡಿಗೆ ಕರೆಯಿರಿ. ಅವರು ರಿಪೋರ್ಟ್ ಕಳಿಸಿದ ಮಗುವಿನ ಮುಖ ನೋಡಲಿ. ಪ್ರತಿ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ಸೋಂಕು ರೋಗಕ್ಕೆ ಒಂದು ಹುದ್ದೆ ಬೇಕು, ಸಂಬಳ ಸಮೇತ. ಹನ್ನೊಂದೂವರೆ ವರ್ಷ ಓದಿದವರಿಗೆ ಕೂರಲು ಕುರ್ಚಿ ಇಲ್ಲದಿದ್ದರೆ ಈ ದಾರಿಗೆ ಯಾರೂ ಬರುವುದಿಲ್ಲ. ಸಚಿವಾಲಯದವರು ಯಾರಾದರೂ ಈ ಮುದ್ರಿತ ಪ್ರತಿ ಓದಿದರೆ ಈ ಒಂದು ಸಾಲನ್ನು ದಯವಿಟ್ಟು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಕಾಲದಲ್ಲಿ ವಾರ್ಡಿನಿಂದ ಲ್ಯಾಬಿಗೆ ಒಂದು ದಿನದ ಪ್ರಯಾಣ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ವೈರಾಣು ಲ್ಯಾಬುಗಳು ಎಷ್ಟೋ ಮೆಡಿಕಲ್ ಕಾಲೇಜುಗಳ ಒಳಗೇ ಬಂದಿವೆ. ಕೋವಿಡ್ ಕಾಲದಲ್ಲಿ ಅವು ಹಗಲುರಾತ್ರಿ ಓಡಿದವು. ಕೆಲವು ಕಡೆ ಅದು ಮಕ್ಕಳ ವಾರ್ಡಿನಿಂದ ಎರಡು ಮಹಡಿ ಕೆಳಗಿದೆ. ಕಳೆದ ತಿಂಗಳು ಅಂಥ ಒಂದು ಕಾಲೇಜಿನ ಮೂರನೆಯ ವರ್ಷದ ಪೀಜಿಗಳನ್ನು ಕೇಳಿದೆ, ಆ ಲ್ಯಾಬಿನ ಒಳಗೆ ಎಷ್ಟು ಜನ ಹೋಗಿದ್ದೀರಿ ಎಂದು. ಒಂಬತ್ತು ಮಂದಿಯಲ್ಲಿ ಒಬ್ಬರೂ ಕೈ ಎತ್ತಲಿಲ್ಲ.

ಈ ಉಪನ್ಯಾಸಕ್ಕೆ ಕೊಡುವ ಗೌರವಧನವನ್ನು ಏನು ಮಾಡಬೇಕೆಂದು ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರ ಜೊತೆ ಮಾತಾಡಿದೆ. ಅವರು ತಮ್ಮ ಕಡೆಯಿಂದಲೂ ಅಷ್ಟೇ ಸೇರಿಸಿದ್ದಾರೆ. ಆ ಹಣದಲ್ಲಿ ಆ ಒಂಬತ್ತು ಮಂದಿಯಲ್ಲಿ ಇಬ್ಬರು ಹದಿನೈದು ದಿನ ಬೇರೊಂದು ದೊಡ್ಡ ವೈರಾಣು ಲ್ಯಾಬಿನಲ್ಲಿ ಕಳೆಯಲಿದ್ದಾರೆ. ಬರುವ ಸೋಮವಾರ ಬೆಳಿಗ್ಗೆ ಆರೂಕಾಲರ ಬಸ್ಸು. ಅಂದು ವಾರ್ಡಿನಿಂದ ಕಳಿಸಬೇಕಾದ ಸ್ಯಾಂಪಲ್ಲುಗಳ ಪೆಟ್ಟಿಗೆಯನ್ನು ಅವರೇ ಒಯ್ಯುತ್ತಾರೆ. ಐಸ್ ಪ್ಯಾಕ್ ಹಿಂದಿನ ರಾತ್ರಿಯೇ ಫ್ರೀಜರಿಗೆ ಇಡಲು ಸಿಸ್ಟರಿಗೆ ಹೇಳಿಯಾಗಿದೆ. ಪೆಟ್ಟಿಗೆಯನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ, ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದು ಇಬ್ಬರಿಗೂ ಹೇಳಿದ್ದೇನೆ.